ಕಾಡುಮೃಗಗಳ ಸಂರಕ್ಷಣೆಯಲ್ಲಿ ಕಸುಬುದಾರರ ಸಂಘಗಳ ಕಾರ್ಯ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರಿಂದ)

ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಣ ಉಡಿಗಾಲದ ಬಯಲು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆ. ಖುಷ್ಕಿಯಲ್ಲಿ ರಾಗಿ, ಜೋಳ, ಹುರುಳಿ, ನೆಲಗಡಲೆ, ಸೂರ್ಯಕಾಂತಿ; ಬಾವಿಯ ನೀರಿದ್ದಲ್ಲಿ ಅರಿಸಿನ, ಬಾಳೆ, ಸಣ್ಣ ಈರುಳ್ಳಿ. ಈ ಸೀಮೆಯ ದಕ್ಷಿಣಕ್ಕೆ ಬಂಡೀಪುರದ ಕಾಡು, ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಕಾಡು. ಎರಡು ಮಹಾರಣ್ಯಗಳ ನಡುವೆ ನೇಗಿಲು ಹೂಡತಕ್ಕ ರೈತನಿಗೆ ಮಳೆಯ ಚಿಂತೆ, ಧಾರಣೆಯ ಚಿಂತೆ, ಇವೆರಡಲ್ಲದೆ ಕಾಡುಮೃಗಗಳ ಚಿಂತೆಯೂ ಉಂಟು.

ಈ ಲೇಖಕನು ಸರ್ಕೀಟಿನಲ್ಲಿದ್ದಾಗ ಕಾಡಂಚಿನ ಒಂದು ಗ್ರಾಮದಲ್ಲಿ ಬಾಳೆಯ ತೋಟವೊಂದನ್ನು ನೋಡಬೇಕಾಯಿತು. ಗೊನೆ ಬಲಿಯುವ ಹೊತ್ತಿಗೆ ಆನೆಗಳು ಒಂದೇ ರಾತ್ರಿಯಲ್ಲಿ ತೋಟದ ಬಹುಭಾಗವನ್ನು ನೆಲಕ್ಕೆ ಕೆಡವಿದ್ದುವು. ಯಜಮಾನನು ಸಾಲ ಮಾಡಿ ಮೂರು ಕಡೆಗೂ ಸೌರಶಕ್ತಿಯ ತಂತಿಬೇಲಿ ಹಾಕಿಸಿದ್ದನು. ನಾಲ್ಕನೆಯ ಕಡೆಯಲ್ಲಿದ್ದುದು ದಾಯಾದಿಯ ಹೊಲ, ಇಬ್ಬರಿಗೂ ಮಾತಿರಲಿಲ್ಲ. "ಬೇಲಿ ಹಾಕುದ್ರೂ ಪಕ್ಕದ ಹೊಲ್ದಿಂದ ಬಂದ್ಬುಟ್ಟೊ ಸ್ವಾಮಿ. ಆನೆಗೆ ಹದ್ದುಬಸ್ತು ಗೊತ್ತಾ?" ಎಂದು ಆತನು ಕೇಳಿದನು. ಈ ಪ್ರಶ್ನೆಯಲ್ಲಿಯೇ ಇಡೀ ವಿಷಯದ ತಿರುಳು ಅಡಗಿದೆ. ಆನೆಗೆ ಸರ್ವೆ ನಂಬರಿಲ್ಲ. ಒಬ್ಬೊಬ್ಬನೇ ತನ್ನ ಹೊಲವನ್ನು ಕಾಯುತ್ತೇನೆಂದರೆ ಬೆಳೆಯೂ ಉಳಿಯದು, ಕಾಡೂ ಉಳಿಯದು. ಒಂದೇ ಕಸುಬಿನವರು ಒಂದು ಸಂಘವಾಗಿ ಕೂಡಿದಲ್ಲಿ ಏನಾಗಬಹುದೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ನಿದರ್ಶನಗಳಿವೆ.

ತೋಟಗಾರರ ನಿದರ್ಶನ

ಬಂಡೀಪುರ, ಮುದುಮಲೆಗಳನ್ನು ದಾಟಿದರೆ ಸಿಕ್ಕುವ ನೀಲಗಿರಿಯಲ್ಲಿ 1877ರಷ್ಟು ಹಿಂದೆಯೇ ಕಾಡುಮೃಗಗಳ ರಕ್ಷಣೆಗಾಗಿ ಒಂದು ಸಂಘವು ಹುಟ್ಟಿತು. ಅದನ್ನು ಕಟ್ಟಿದವರು ಕಾಫಿ, ಟೀ ತೋಟಗಾರರೂ ಅಧಿಕಾರಿಗಳೂ ಆಗಿದ್ದು, ಬೇಟೆಯ ಹವ್ಯಾಸದವರೇ ಆಗಿದ್ದರೆಂಬುದನ್ನು ಮರೆಮಾಚಬೇಕಾಗಿಲ್ಲ. ಎಲ್ಲರೂ ಮನಬಂದಂತೆ ಗುಂಡು ಹಾರಿಸಿದರೆ ಮುಂದೆ ಬೇಟೆಗೂ ಪ್ರಾಣಿ ಸಿಕ್ಕದೆಂಬ ಭಯವೇ ಅವರನ್ನು ಕೂಡಿಸಿತು. ಎರಡೇ ವರ್ಷದಲ್ಲಿ, 1879ರಲ್ಲಿ, ನೀಲಗಿರಿಯ ಬೇಟೆಯನ್ನೂ ಮೀನುಗಳನ್ನೂ ಕುರಿತ ಕಾಯಿದೆ ಹುಟ್ಟಿತು. ಆ ಬೆಟ್ಟಗಳಲ್ಲಿ ಅಳಿಯುವ ಸ್ಥಿತಿಗೆ ಬಂದಿದ್ದ ಥಾರ್ ಎಂಬ ಕಾಡಾಡು ಇಂದಿಗೂ ಉಳಿದಿರುವುದಕ್ಕೆ ಇಂಥ ಕಟ್ಟುಪಾಡುಗಳು ನೆರವಾದುವು. ಸ್ವಾರ್ಥದಿಂದ ಹುಟ್ಟಿದ ಆ ಸಂಘವು ಈಗ ಬೇಟೆಯನ್ನು ಬಿಟ್ಟು, ವನ್ಯಜೀವಿಗಳ ಮತ್ತು ಪರಿಸರದ ಸಂಘವಾಗಿ ನಡೆಯುತ್ತಲಿದೆ.

ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಹೊನ್ನಮೇಟಿಯ ಕಾಫಿ ತೋಟದ ಆರ್. ಸಿ. ಮಾರಿಸ್ ಎಂಬುವರು ತಾವು ಕಂಡ ಆನೆ, ಕಾಟಿ, ಹುಲಿಗಳ ವಿಚಾರವನ್ನು ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಬಹುಕಾಲ ಬರೆದು ಕಳುಹಿಸುತ್ತಿದ್ದರು. 1883ರಲ್ಲಿ ಸ್ಥಾಪಿತವಾದ ಆ ಸೊಸೈಟಿಯ ಸಲೀಂ ಆಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸರ್ವೆ ನಡೆಸಿದಾಗ ಈ ಬೆಟ್ಟಗಳನ್ನೂ ಸುತ್ತಿದರು. ಕಸುಬಿನವನ ಕಣ್ಣಿಗೆ ಬಿದ್ದುದು ವಿದ್ವಾಂಸರ ಸಂಘವನ್ನು ಮುಟ್ಟಿದರೆ ನಾಡಿಗೆಲ್ಲಾ ಉಪಯುಕ್ತವಾದ ತಿಳಿವಳಿಕೆಯಾಗುವುದೆಂಬುದಕ್ಕೆ ಇದು ಸಾಕ್ಷಿ.

ಸೋಲಿಗರ ನಿದರ್ಶನ

ಅದೇ ಬೆಟ್ಟದ ಸೋಲಿಗರು ಹೆಜ್ಜೇನು, ನೆಲ್ಲಿ, ಸೀಗೆ, ಅಂಟುವಾಳ ಮುಂತಾದುವನ್ನು ಸಂಗ್ರಹಿಸಿ, ಲ್ಯಾಂಪ್ಸ್ ಎಂದು ಹೆಸರಾದ ತಮ್ಮ ಗಿರಿಜನ ಸಹಕಾರ ಸಂಘಗಳ ಮೂಲಕ ಮಾರಿ ಜೀವಿಸುತ್ತ ಬಂದವರು. ಜೇನು ಇಳಿಸುವಾಗ ಹುಳುವಿಗೆಂದು ತಟ್ಟಿಯ ಒಂದು ಭಾಗವನ್ನು ಬಿಟ್ಟು ಬರುವುದು ಅವರ ಹಳೆಯ ವಾಡಿಕೆ. 1974ರಲ್ಲಿ ಆ ಕಾಡು ಅಭಯಾರಣ್ಯವಾಯಿತು. 2006ರಲ್ಲಿ ಮಾರಾಟಕ್ಕಾಗಿ ಕಾಡುತ್ಪತ್ತಿಯನ್ನು ತೆಗೆಯುವುದು ನಿಷಿದ್ಧವಾಯಿತು. ಅನೇಕ ಮನೆಗಳ ಆದಾಯವು ನಿಂತುಹೋಯಿತು. ಆಗ ಸೋಲಿಗರು ಕಾಡಿನ ಮೇಲೆ ಹಗೆ ಸಾಧಿಸದೆ ತಮ್ಮ ಸಂಘವನ್ನು ಗಟ್ಟಿಮಾಡಿಕೊಂಡು, ಅದೇ 2006ರ ಅರಣ್ಯ ಹಕ್ಕುಗಳ ಕಾಯಿದೆಯ ಮೇರೆಗೆ ಅರ್ಜಿ ಹಾಕಿ, ಕಾಡಿನ ನಕ್ಷೆ ಬರೆದು, ತಮ್ಮ ಪವಿತ್ರಸ್ಥಳಗಳನ್ನು ಗುರುತಿಸಿ ವಾದಿಸಿದರು. ಬೆಂಗಳೂರಿನ ಏಟ್ರೀ ಎಂಬ ಸಂಶೋಧನಾಲಯದವರು ಜೊತೆಗಿದ್ದರು. 2011ರ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರಗಳು ದೊರೆತುವು. ಹುಲಿಯ ಕಾಡಿನಲ್ಲಿ ಇಂಥ ಹಕ್ಕು ಪಡೆದವರಲ್ಲಿ ಇವರೇ ದೇಶಕ್ಕೆ ಮೊದಲಿಗರು. ಒಂಟಿ ಮನುಷ್ಯನ ಅರ್ಜಿಗೆ ಇಷ್ಟು ಫಲವು ದೊರೆಯುತ್ತಿತ್ತೆ?

ಸಂಘವಿಲ್ಲದಲ್ಲಿ ಆಗುವುದು

ಇದಕ್ಕೆ ಎದುರಾದ ಸಂಗತಿಗಳೂ ನಮ್ಮ ಜಿಲ್ಲೆಯಲ್ಲಿಯೇ ನಡೆದಿವೆ. 2019ರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿಯ ಕಡೆ ಹುಲಿಯಿಂದ ಇಬ್ಬರು ಪ್ರಾಣ ಕಳೆದುಕೊಂಡರು. ಆ ಅಕ್ಟೋಬರಿನಲ್ಲಿ ಅದನ್ನು ಹಿಡಿಯಲಾಯಿತು. 2025ರ ಜೂನಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದುವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷವಿಕ್ಕಿದ್ದೇ ಕಾರಣವೆಂದು ತನಿಖೆಯಲ್ಲಿ ಹೊರಪಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ಬೇಸತ್ತ ರೈತರು ಹುಲಿಗೆಂದು ಇಟ್ಟಿದ್ದ ಬೋನಿನಲ್ಲಿ ಅರಣ್ಯ ಸಿಬ್ಬಂದಿಯನ್ನೇ ಕೂಡಿದರು.

ಹಸು ಕಳೆದುಕೊಂಡವನ ಸಂಕಟವು ಸುಳ್ಳಲ್ಲ. ಕರೆಯುವ ಹಸು ಹೋದರೆ ಬಡವನ ಮನೆಯ ದಿನದ ಖರ್ಚೇ ನಿಲ್ಲುವುದು. ಆದರೆ ವಿಷವಿಕ್ಕಿದವನಿಗೆ ಹಸುವೂ ಹಿಂದಿರುಗಲಿಲ್ಲ, ಪರಿಹಾರವೂ ಬರಲಿಲ್ಲ, ಬಂದುದು ಸೆರೆಮನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಷೆಡ್ಯೂಲಿನಲ್ಲಿರುವ ಹುಲಿ, ಆನೆಗಳನ್ನು ಕೊಂದವರಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಸಜೆ ಉಂಟು. ಅಹವಾಲನ್ನು ಒಪ್ಪಿಸಿ ಉತ್ತರವನ್ನು ಕೇಳತಕ್ಕ ಒಂದು ಸಂಘವು ಗ್ರಾಮದಲ್ಲಿದ್ದರೆ ಸಿಟ್ಟು ವಿಷದ ರೂಪಕ್ಕೆ ತಿರುಗುವುದಕ್ಕೆ ಮೊದಲೇ ಒಂದು ದಾರಿ ಕಾಣುತ್ತಿತ್ತು. ಇಲಾಖೆಗಳ ತಡವೂ ಇದರಲ್ಲಿ ಪಾಲುಗಾರನೆಂಬುದನ್ನು ನಾವು ಒಪ್ಪಿಕೊಳ್ಳಲೇಬೇಕು. ಬೆಂಗಳೂರಿನ ವನ್ಯಜೀವಿ ಅಧ್ಯಯನ ಕೇಂದ್ರದವರು 2015ರಲ್ಲಿ ಬಂಡೀಪುರ, ನಾಗರಹೊಳೆಗಳ ಸುತ್ತಣ ರೈತರಿಗಾಗಿ ವೈಲ್ಡ್‌ಸೇವೆ ಎಂಬ ಏರ್ಪಾಡನ್ನು ತೊಡಗಿ, ದೂರವಾಣಿಯಲ್ಲಿ ತಿಳಿಸಿದರೆ ಸ್ಥಳಕ್ಕೆ ಬಂದು ಅರ್ಜಿ ಬರೆದುಕೊಡುವ ಕೆಲಸ ಮಾಡಿರುವುದು ಈ ತಡದ ಕಾರಣದಿಂದಲೇ.

ಬೇಲಿಯ ವಿಚಾರ

ಸೌರಬೇಲಿಯು ಸೆಕೆಂಡಿಗೆ ಸುಮಾರು ಒಂದು ಸಲದಂತೆ ಕ್ಷಣಮಾತ್ರದ ಹೊಡೆತವನ್ನು ಕೊಡುತ್ತದೆ. ಪ್ರಾಣಿಯು ಬೆದರಿ ಹಿಂದೆಗೆಯುವುದೇ ಹೊರತು ಸಾಯುವುದಿಲ್ಲ. ಆದರೆ ಹುಲ್ಲೂ ಬಳ್ಳಿಯೂ ತಂತಿಗೆ ತಗುಲಿದರೆ ಶಕ್ತಿಯೆಲ್ಲವೂ ನೆಲಕ್ಕಿಳಿದುಹೋಗುವುದು. ಬ್ಯಾಟರಿಯ ನೀರು ಬತ್ತಿದರೂ, ನೆಲಕ್ಕೆ ಹೂಳಿದ ಅರ್ತಿನ ಸಲಾಕೆ ಒಣಗಿದರೂ ಬೇಲಿಯು ಬರಿಯ ತಂತಿಯಾಗುವುದು. ಆನೆಗೆ ಇದನ್ನು ತಿಳಿಯಲು ಬಹಳ ದಿನ ಬೇಡ. ಕಂದಕದ ಪಾಡೂ ಇಂಥದೇ: ಮಳೆಗೆ ದಡ ಕುಸಿದೋ, ದನ ದಾಟಿಸಲು ನಾವೇ ಮಣ್ಣು ತುಂಬಿಯೋ ಒಂದು ಕಡೆ ದಾರಿಯಾದರೆ ಉಳಿದ ಉದ್ದವೆಲ್ಲಾ ವ್ಯರ್ಥ. ಇವೆರಡನ್ನೂ ಸುಸ್ಥಿತಿಯಲ್ಲಿಡುವುದು ಸರದಿಯ ಮೇಲೆ ಕೆಲಸ ಮಾಡುವ ಸಂಘಕ್ಕೆ ಮಾತ್ರ ಸಾಧ್ಯ.

ಮನೆಯ ಅಥವಾ ಪಂಪಿನ ಕರೆಂಟನ್ನು ನೇರವಾಗಿ ಬೇಲಿಗೆ ಹರಿಸುವ ದುರಭ್ಯಾಸವು ಕೆಲವು ಕಡೆ ಕಂಡುಬರುತ್ತದೆ. ಇದು ಆನೆಗೆಷ್ಟೋ ಅಷ್ಟೇ ನೆರೆಯವನ ಎತ್ತಿಗೂ, ಕತ್ತಲಲ್ಲಿ ನೀರು ಕಟ್ಟಲು ಹೋಗುವ ನಮ್ಮ ಮಕ್ಕಳಿಗೂ ಯಮಪಾಶ.

ಗ್ರಾಮದ ಯಜಮಾನರು ಮಾಡತಕ್ಕದ್ದು

1. ಗ್ರಾಮಕ್ಕೆ ಒಂದರಂತೆ ಬೆಳೆಗಾವಲು ಸಂಘವನ್ನು ಏರ್ಪಡಿಸಿ, ಸಣ್ಣ ಹಿಡುವಳಿದಾರರನ್ನೂ ದನಗಾಹಿಗಳನ್ನೂ ಅದರಲ್ಲಿ ಸೇರಿಸತಕ್ಕದ್ದು. ದೊಡ್ಡ ಜಮೀನುದಾರರಷ್ಟೇ ಸೇರಿದರೆ ಬೇಲಿಯಲ್ಲಿ ಮತ್ತೆ ಅದೇ ನಾಲ್ಕನೆಯ ಕಡೆ ಉಳಿಯುವುದು.

2. ಬೇಲಿಯನ್ನು ಹೊಲಹೊಲಕ್ಕೆ ಹಾಕದೆ ಬಯಲಿನ ಕಾಡುಮುಖಕ್ಕೆ ಒಂದೇ ಸಾಲಾಗಿ ಹಾಕಿ, ವೆಚ್ಚವನ್ನು ಎಕರೆವಾರು ಹಂಚಿಕೊಳ್ಳತಕ್ಕದ್ದು. ವಾರಕ್ಕೊಮ್ಮೆ ತಂತಿಯ ಕೆಳಗಿನ ಹುಲ್ಲನ್ನು ಸವರಿಸತಕ್ಕದ್ದು.

3. ಆನೆಗಳು ಸಂಪ್ರದಾಯವಾಗಿ ನಡೆದಾಡುವ ದಾರಿಗೆ ಅಡ್ಡ ಕಟ್ಟಬಾರದು. ಕಟ್ಟಿದರೆ ಹಿಂಡು ಪಕ್ಕದ ಗ್ರಾಮಕ್ಕೆ ತಿರುಗುವುದು. ಕಾಡಂಚಿಗೆ ಬಾಳೆ, ಕಬ್ಬು, ಮುಸುಕಿನ ಜೋಳಗಳನ್ನು ಇಡದೆ ಅವನ್ನು ಒಳಭಾಗದಲ್ಲಿ ಬೆಳೆಯುವುದು ಲೇಸು.

4. ನಷ್ಟವಾದ ದಿವಸವೇ ವಲಯ ಅರಣ್ಯಾಧಿಕಾರಿಗಳಿಗೆ ತಿಳಿಸಿ, ಹೊಲವನ್ನು ಹದಮಾಡುವುದಕ್ಕೆ ಮುಂಚೆಯೇ ಚಿತ್ರ ತೆಗೆದಿಡತಕ್ಕದ್ದು. ಪಹಣಿ, ಬ್ಯಾಂಕಿನ ಪುಸ್ತಕಗಳ ನಕಲುಗಳನ್ನು ಸಂಘದ ಕಾರ್ಯದರ್ಶಿಯು ಮೊದಲೇ ಸಿದ್ಧವಾಗಿಟ್ಟುಕೊಂಡಿರಲಿ.

5. ಉರುಳು, ವಿಷ, ನೇರ ಕರೆಂಟು, ಇವನ್ನು ಬಳಸುವುದಿಲ್ಲವೆಂದು ಸಂಘದ ಮೊದಲ ಸಭೆಯಲ್ಲಿಯೇ ನಿರ್ಣಯ ಮಾಡಿ ಎಲ್ಲರ ರುಜುವನ್ನೂ ಪಡೆಯತಕ್ಕದ್ದು.

ಕೃಷ್ಣರಾಜ ಒಡೆಯರವರ ಕಾಲದಲ್ಲಿ 1931ರಲ್ಲಿ ಕಾದಿಟ್ಟ ಬೇಟೆಯ ಕಾಡು 1941ರಲ್ಲಿ ವೇಣುಗೋಪಾಲ ವನ್ಯಮೃಗ ವನವಾಗಿ ಬೆಳೆದು, 1973ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಸೇರಿತು. ಕಾಡನ್ನು ಉಳಿಸಿದ ಕೀರ್ತಿ ದೊರೆಗಳಿಗೂ ಸರ್ಕಾರಕ್ಕೂ ಸಂದಿದೆ. ಅದರ ಖರ್ಚಿನ ಒಂದು ಪಾಲನ್ನು ಮಾತ್ರ ಕಾಡಂಚಿನ ರೈತನು ತನ್ನ ರಾಗಿಯಿಂದಲೂ ಹಸುಗಳಿಂದಲೂ ಇಂದಿಗೂ ತೆರುತ್ತಲಿದ್ದಾನೆ. ಆ ಲೆಕ್ಕವನ್ನು ನ್ಯಾಯವಾಗಿ ಕೇಳುವ ಬಾಯಿಯೂ, ಬೇಲಿಯನ್ನು ಕಾಯುವ ಕೈಯೂ ಸಂಘವೇ ಆಗಬೇಕು. ಮೊದಲು ಹೇಳಿದ ಆ ಬಾಳೆಯ ತೋಟದ ಯಜಮಾನನೂ ದಾಯಾದಿಯೂ ಮುಂದಿನ ಸಾಲಿಗೆ ಒಂದೇ ತಂತಿಯನ್ನು ಎಳೆಸಿದರು. ಮಾತು ಇನ್ನೂ ಅಷ್ಟಕ್ಕಷ್ಟೆ. ಆದರೆ ಹುಲ್ಲು ಸವರುವ ಸರದಿಯನ್ನು ಇಬ್ಬರೂ ತಪ್ಪಿಸುವುದಿಲ್ಲ. ನಮ್ಮ ಗ್ರಾಮಗಳ ಯಜಮಾನರು ಬರುವ ಮುಂಗಾರಿಗೆ ಮುಂಚೆ ಇಷ್ಟನ್ನು ಮಾಡಿಸಿದರೂ ಸಾಕು.