ಒಂದು ಸನ್ನೆ ಉಳಿದರೂ ಸಾಕು
ಅಂಗಚಲನೆ ಕುಂದಿದವರಿಗೆ ಗಣಕಯಂತ್ರದ ನೆರವು

ದೇಹದಲ್ಲಿ ಬುದ್ಧಿ ದೊರೆಯಾದರೆ ಅಂಗಾಂಗಗಳು ಅದರ ಸೇವಕರು. ಸೇವಕರು ಕೈಬಿಟ್ಟ ಮಾತ್ರಕ್ಕೆ ದೊರೆ ಅಳಿದನೆಂದು ಹೇಳಲಾಗದು. ಬೆನ್ನುಹುರಿಗೆ ಪೆಟ್ಟು ಬಿದ್ದಾಗ, ಸ್ನಾಯುಗಳನ್ನು ನಡೆಸುವ ನರಕೋಶಗಳು ಕ್ಷೀಣಿಸಿದಾಗ, ಅಥವಾ ಮಗು ಸೆರೆಬ್ರಲ್ ಪಾಲ್ಸಿಗೆ ತುತ್ತಾದಾಗ ಕೈಕಾಲುಗಳು ಸ್ವಾಧೀನ ತಪ್ಪಿದರೂ ಅನೇಕರಲ್ಲಿ ವಿಚಾರಶಕ್ತಿ ಚೆನ್ನಾಗಿಯೇ ಉಳಿದಿರುತ್ತದೆ. ಆದರೆ ಮಾತನಾಡಲಾರದವರಿಗೆ ಏನೂ ತಿಳಿಯದೆಂದು ಭಾವಿಸಿ, ಮನೆಯವರೇ ಅವರ ಪರವಾಗಿ ಎಲ್ಲವನ್ನೂ ನಿರ್ಧರಿಸತೊಡಗುತ್ತಾರೆ. ರೋಗಕ್ಕಿಂತಲೂ ಹೆಚ್ಚು ನೋಯಿಸುವ ಈ ಬಂಧನವನ್ನು ಸಡಿಲಿಸಲು ಗಣಕಯಂತ್ರ ಇಂದು ನೆರವಾಗಬಲ್ಲದು.

ಇಂಗ್ಲೆಂಡಿನ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಜೀವನ ಇದಕ್ಕೆ ಸಾಕ್ಷಿ. 1963ರಲ್ಲಿ, 21ನೆಯ ವಯಸ್ಸಿನಲ್ಲಿ, ಅವರಿಗೆ ನರಕೋಶಗಳ ರೋಗವಿರುವುದು ತಿಳಿದುಬಂತು. 1985ರಲ್ಲಿ ನ್ಯುಮೋನಿಯಾ ತಗುಲಿ ಶ್ವಾಸನಾಳವನ್ನು ತೆರೆಯಬೇಕಾದಾಗ ಅಳಿದುಳಿದ ಮಾತೂ ನಿಂತಿತು. ಕೆಲಕಾಲ ಅಕ್ಷರಗಳ ಫಲಕವನ್ನು ತೋರಿಸಿದಾಗ ಹುಬ್ಬೇರಿಸಿಯೇ ಅವರು ಪದ ಕಟ್ಟಬೇಕಾಯಿತು. ಅನಂತರ ಅಮೆರಿಕದ ವಾಲ್ಟ್ ವೋಲ್ಟೋಸ್ ಎಂಬ ತಂತ್ರಜ್ಞರು ತಮ್ಮ ಅತ್ತೆಗಾಗಿ ಸಿದ್ಧಪಡಿಸಿದ್ದ ‘ಈಕ್ವಲೈಸರ್’ ಎಂಬ ಕಾರ್ಯಕ್ರಮ ಅವರ ಕೈಸೇರಿತು. ಬೆರಳಿನಿಂದ ಒಂದೇ ಗುಂಡಿಯನ್ನು ಒತ್ತುತ್ತ ಅವರು ನಿಮಿಷಕ್ಕೆ ಸುಮಾರು 15 ಪದಗಳನ್ನು ರಚಿಸಬಲ್ಲವರಾದರು. ಬೆರಳೂ ಸೋತ ಮೇಲೆ ಕೆನ್ನೆಯ ಒಂದು ಸ್ನಾಯುವಿನ ಅಲುಗಾಟವನ್ನು ಕನ್ನಡಕಕ್ಕೆ ಜೋಡಿಸಿದ್ದ ಸಾಧನ ಗ್ರಹಿಸುತ್ತಿತ್ತು. 2018ರಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ಮಾತನ್ನು ತಾವೇ ಆಡಿದರು.

ಯಂತ್ರ ನಡೆಯುವ ಬಗೆ

ಇದರ ತತ್ತ್ವ ಸರಳ. ತೆರೆಯ ಮೇಲಿನ ಅಕ್ಷರಗಳ ಸಾಲುಗಳು ಒಂದಾದ ಮೇಲೊಂದು ಬೆಳಗುತ್ತವೆ. ಬೇಕಾದ ಸಾಲು ಬಂದಾಗ ಒಮ್ಮೆ ಗುಂಡಿ ಒತ್ತಿದರೆ ಆ ಸಾಲಿನ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ. ಮತ್ತೊಮ್ಮೆ ಒತ್ತಿದರೆ ಅಕ್ಷರ ಮೂಡುತ್ತದೆ. ಮೊದಲ ಕೆಲವು ಅಕ್ಷರಗಳನ್ನು ಕಂಡು ಇಡೀ ಪದವನ್ನೇ ಯಂತ್ರ ಸೂಚಿಸುವುದರಿಂದ ಶ್ರಮ ಉಳಿಯುತ್ತದೆ. ಗುಣಿತಾಕ್ಷರ, ಒತ್ತಕ್ಷರಗಳಿಂದ ತುಂಬಿದ ಕನ್ನಡಕ್ಕಂತೂ ಈ ಸೂಚನೆ ಬಹು ಉಪಯುಕ್ತ.

ಕತ್ತಿನಿಂದ ಕೆಳಗೆ ಚಲನೆಯಿಲ್ಲದವರು ಕೊಳವೆಯೊಂದರಲ್ಲಿ ಉಸಿರನ್ನು ಊದಿ, ಹೀರಿ ಯಂತ್ರಕ್ಕೆ ಆಜ್ಞೆ ಕೊಡಬಹುದು. ಕಣ್ಣುಗಳಷ್ಟೇ ಚಲಿಸುವವರಿಗೆ, ಕಣ್ಣಿನಿಂದ ಪ್ರತಿಫಲಿಸುವ ಅವಗೆಂಪು ಬೆಳಕನ್ನು ಗಮನಿಸಿ ನೋಟ ಎಲ್ಲಿ ನೆಟ್ಟಿದೆಯೆಂದು ಲೆಕ್ಕಹಾಕುವ ಕ್ಯಾಮೆರಾಗಳಿವೆ. ಕೈ ನಡುಗುವವರಿಗೆ ಕೀಲಿಮಣೆಯ ಮೇಲೆ ಹೊದಿಸುವ ರಂಧ್ರಗಳ ಹಲಗೆಯೇ ಸಾಕಾದೀತು. ಕಂಠ ಚೆನ್ನಾಗಿರುವವರು ಹೇಳಿ ಬರೆಸಬಹುದು. 2017ರಿಂದ ಗೂಗಲ್‌ನ ಈ ಸೌಲಭ್ಯ ಕನ್ನಡದಲ್ಲಿಯೂ ದೊರೆಯುತ್ತಿದೆ. ಒಂದೇ ಗುಂಡಿಯಿಂದ ಮೊಬೈಲ್ ಫೋನನ್ನು ನಡೆಸುವ ವ್ಯವಸ್ಥೆಯೂ ಆಂಡ್ರಾಯ್ಡ್ ಮತ್ತು ಐಫೋನುಗಳಲ್ಲಿ ಪ್ರತ್ಯೇಕ ಬೆಲೆಯಿಲ್ಲದೆ ಲಭ್ಯ.

ಮನೆಮಂದಿಗೆ ಕಿವಿಮಾತು

ಯಂತ್ರವನ್ನು ಕೊಳ್ಳುವ ಮುನ್ನ ರೋಗಿಯಲ್ಲಿ ದಣಿವಿಲ್ಲದೆ, ಪ್ರತಿಸಲವೂ ತಪ್ಪದೆ ನಡೆಯುವ ಒಂದು ಚಲನೆ ಯಾವುದೆಂದು ಕಂಡುಕೊಳ್ಳಬೇಕು. ಆ ಚಲನೆಗೆ ತಕ್ಕಂತೆ ಯಂತ್ರವನ್ನು ಆರಿಸಬೇಕೇ ಹೊರತು ಯಂತ್ರಕ್ಕೆ ತಕ್ಕಂತೆ ರೋಗಿಯನ್ನು ಬಾಗಿಸಬಾರದು. ಕೂರುವ ಭಂಗಿ ಸರಿಯಿಲ್ಲದಿದ್ದರೆ ಎಂತಹ ಸಾಧನವೂ ವ್ಯರ್ಥ. ಪಾರ್ಶ್ವವಾಯುವಿನಿಂದ ಕೆಲವರಿಗೆ ಭಾಷೆಯ ಗ್ರಹಿಕೆಯೇ ಕುಂದಿರಬಹುದಾದ್ದರಿಂದ ವಾಕ್‌ತಜ್ಞರ ಪರೀಕ್ಷೆ ಅಗತ್ಯ. ಮುಂಬಯಿಯ ಹಾಜಿ ಅಲಿಯಲ್ಲಿರುವ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಂತಹ ಕೇಂದ್ರಗಳಲ್ಲಿ ತಜ್ಞರ ಸಲಹೆ ಪಡೆಯಬಹುದು.

ಹೊರನಾಡಿನ ಕನ್ನಡಿಗರು ಇನ್ನೊಂದು ಮಾತನ್ನು ನೆನಪಿಡಬೇಕು. ಕಚೇರಿಯಲ್ಲಿ ಜೀವಮಾನವಿಡೀ ಇಂಗ್ಲಿಷ್ ಬಳಸಿದ ಹಿರಿಯರಿಗೂ ನೋವು, ಹಸಿವು, ಮುನಿಸುಗಳ ಭಾಷೆ ಕನ್ನಡವೇ ಆಗಿರಬಹುದು. ಆದ್ದರಿಂದ ಅವರ ಮುಂದಿಡುವ ಫಲಕದಲ್ಲಿ ಕನ್ನಡಕ್ಕೆ ಸ್ಥಳವಿರಲಿ. ಯಂತ್ರ ಬರುವವರೆಗೂ ಕಾಯಬೇಕಿಲ್ಲ: ರಟ್ಟಿನ ಮೇಲೆ ಅಕ್ಷರಮಾಲೆ ಬರೆದು, ‘ಹೌದು’, ‘ಅಲ್ಲ’ಗಳಿಗೆ ಒಂದೊಂದು ಸನ್ನೆ ಗೊತ್ತುಮಾಡಿಕೊಂಡರೆ ಸಂಭಾಷಣೆ ಇಂದೇ ಆರಂಭವಾಗುತ್ತದೆ. ಉತ್ತರ ನಿಧಾನವಾಗಿ ಬರುತ್ತದೆ. ಅದು ಪೂರ್ಣವಾಗುವವರೆಗೂ ಕಾಯುವ ತಾಳ್ಮೆಯನ್ನು ಮಾತ್ರ ಯಾವ ಯಂತ್ರವೂ ಕೊಡಲಾರದು. ಅದನ್ನು ಮನೆಯವರೇ ಕೊಡಬೇಕು.