ವಸಂತದ ಸರದಿ

ಪಂಚಾಂಗದ ವಸಂತವು ಚೈತ್ರದಲ್ಲಿ ಮೊದಲಾಗುತ್ತದೆ. ಮರಗಳು ಅಷ್ಟು ದಿನ ಕಾಯುವುದಿಲ್ಲ. ನಮ್ಮ ಕೊಡಂಬಲದ ಕಡೆ ಹೋಳಿ ಹುಣ್ಣಿಮೆ ಸಮೀಪಿಸುವಾಗಲೇ ಮುತ್ತಲದ ಮರವು ಎಲೆಗಳನ್ನು ಉದುರಿಸಿ, ಮೈತುಂಬ ಕೆಂಡದ ಬಣ್ಣದ ಹೂ ಹೊತ್ತು ನಿಲ್ಲುತ್ತದೆ. ಹಿಂದೆ ಹೋಳಿಯ ಬಣ್ಣಕ್ಕಾಗಿ ಈ ಹೂವನ್ನೇ ನೀರಿನಲ್ಲಿ ಕುದಿಸುತ್ತಿದ್ದರು. ಸಂಸ್ಕೃತದಲ್ಲಿ ಇದು ಕಿಂಶುಕ, "ಗಿಳಿಯೇನು?" ಎಂದು ಅರ್ಥ. ಅದರ ಬಾಗಿದ ಎಸಳನ್ನು ಕಂಡವರಿಗೆ ಗಿಳಿಯ ಕೊಕ್ಕು ನೆನಪಾಗದಿರದು.

ಎಲೆ ಉದುರಿದ ಮರದಲ್ಲಿ ಹೂವೇಕೆ? ಎಲೆಗಳ ಮೂಲಕ ನೀರು ಆವಿಯಾಗಿ ಹೋಗುತ್ತದೆ. ಒಣಹವೆಯ ಕಾಲದಲ್ಲಿ ಎಲೆಗಳನ್ನು ಕಳಚಿದ ಮರವು ನೀರನ್ನು ಉಳಿಸಿಕೊಳ್ಳುತ್ತದೆ. ಮರೆಮಾಡುವ ಎಲೆಯಿಲ್ಲದ್ದರಿಂದ ಹೂವು ದೂರದ ಹಕ್ಕಿಗೂ ಕಾಣುತ್ತದೆ. ಮಕರಂದಕ್ಕೆಂದು ಬಂದ ಹಕ್ಕಿಯು ಪರಾಗವನ್ನು ಮತ್ತೊಂದು ಹೂವಿಗೆ ಮುಟ್ಟಿಸುತ್ತದೆ.

ಅಡವಿಯಲ್ಲಿ ತಾನಾಗಿ ನಡೆಯುವ ಈ ಹಬ್ಬವನ್ನು ಉದ್ಯಾನದಲ್ಲಿ ಯೋಚಿಸಿ ಏರ್ಪಡಿಸಬಹುದು. ಒಮ್ಮೆ ವಿದ್ಯಾರ್ಥಿಗಳೊಡನೆ ಬೆಂಗಳೂರಿನ ಲಾಲ್‌ಬಾಗಿಗೆ ಹೋಗಿದ್ದೆ. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟವಿದು. "ಈ ಊರಾಗ ಒಂದು ಗಿಡದ ಹೂ ಮುಗಿಯೂದ್ರಾಗ ಇನ್ನೊಂದು ಗಿಡ ಹೂ ಬಿಡ್ತದಂತ, ಖರೇನೇನ್ರಿ ಸರ್?" ಎಂದು ಹುಡುಗನೊಬ್ಬ ಕೇಳಿದ. ಖರೆಯೇ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ವರ್ಷವಿಡೀ ಯಾವುದಾದರೊಂದು ಮರ ಅರಳಿರುವಂತೆ ಬೀದಿಗಳಿಗೆ ಮರಗಳನ್ನು ಆರಿಸಿದರು. ಜಕರಾಂಡ ದಕ್ಷಿಣ ಅಮೆರಿಕದ್ದು. ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಕ್ರುಂಬಿಗಲ್ 1956ರಲ್ಲಿ ತೀರಿಕೊಂಡರು. ಹೂವಿನ ಸರದಿ ಇನ್ನೂ ನಡೆದಿದೆ.

ಇಂಥ ಸರದಿಗೆ ಪರದೇಶದ ಮರಗಳೇ ಬೇಕೆಂದಿಲ್ಲ. ನಮ್ಮ ಬಿಸಿಲಿಗೆ ಒಗ್ಗಿದವನ್ನೇ ಎಣಿಸಿರಿ: ಮೊದಲು ಕೆಂಪು ಬೂರುಗ, ಅನಂತರ ಮುತ್ತಲ, ಯುಗಾದಿಯ ಹೊತ್ತಿಗೆ ಹೊಂಗೆ ಮತ್ತು ಬೇವು, ಮೇ ತಿಂಗಳ ಉರಿಯಲ್ಲಿ ಹೊಂಬಣ್ಣದ ಕಕ್ಕೆ. ಊರಿನ ಉದ್ಯಾನದಲ್ಲಿ, ಶಾಲೆಯ ಅಂಗಳದಲ್ಲಿ ಈ ಐದು ಮರಗಳಿದ್ದರೆ ಬೇಸಗೆ ಮುಗಿಯುವವರೆಗೂ ವಸಂತವೇ.

ಹೂ ನೋಡಹೋಗುವವರು ಬೆಳಗಿನ ತಂಪಿನಲ್ಲಿ ಹೋಗಬೇಕು. ಹಕ್ಕಿಗಳು ಮಕರಂದಕ್ಕೆ ಮುತ್ತುವ ಹೊತ್ತು ಅದು. ಕೊಂಬೆ ಬಗ್ಗಿಸಿ ಕೀಳಬೇಡಿ. ಕಿತ್ತ ಹೂವು ಬೀಜವಾಗದು. ಉದುರಿದ ಹೂವನ್ನೇ ಆರಿಸಿ ಮಕ್ಕಳ ಕೈಗೆ ಕೊಡಿ, ಮರದ ಹೆಸರನ್ನು ಹೇಳಿಕೊಡಿ. ಹೆಸರು ಬಲ್ಲ ಮರದ ಮೇಲೆ ಕೊಡಲಿ ಎತ್ತಲು ಕೈ ಹಿಂಜರಿಯುತ್ತದೆ. ಮಳೆ ಬಿದ್ದ ಮೇಲೆ ಅದೇ ಮಕ್ಕಳಿಂದ ಒಂದು ಸಸಿ ನೆಡಿಸಿರಿ. ಅದರ ಹೂವನ್ನು ನಾವು ಕಾಣದಿದ್ದರೂ ಅವರು ಕಂಡಾರು.