ಕೂರ್ಮಗಡಕ್ಕೆ ಒಂದು ದಿನ: ಹೋಗುವ ಲೆಕ್ಕ, ಹೋಗದಿರುವ ಲೆಕ್ಕ

ಕಳೆದ ವರ್ಷ ಪ್ರಥಮ ಪಿಯುಸಿಯಲ್ಲಿದ್ದಾಗ ನಾವು ಕಾರವಾರದ ಕೂರ್ಮಗಡ ದ್ವೀಪಕ್ಕೆಂದು ಹೊರಟು ದ್ವೀಪ ನೋಡದೆ ವಾಪಸ್ ಬಂದೆವು. ನಮ್ಮ ಬಸ್ ದಾಂಡೇಲಿಯಿಂದ ಹೊರಟಿದ್ದೇ ತಡ. ಕಾರವಾರ ಮುಟ್ಟುವಾಗ ಹನ್ನೆರಡು ಹೊಡೆದಿತ್ತು. ಅಷ್ಟರಲ್ಲಿ ಗಾಳಿ ಎದ್ದಿತ್ತು. ಬೋಟಿನವರು, "ಎರಡು ಸಲ ಹೋಗಿಬರಲು ಆಗುವುದಿಲ್ಲ, ಸ್ವಲ್ಪ ಅಡ್ಜಸ್ಟ್ ಮಾಡಿ ಒಂದೇ ಬೋಟಿನಲ್ಲಿ ಕೂತುಬಿಡಿ" ಎಂದರು. ಪೂರ್ತಿ ಹಣವನ್ನು ಮೊದಲೇ ಕೊಟ್ಟಾಗಿತ್ತು. ನಾವೆಲ್ಲ, "ದುಡ್ಡು ಕೊಟ್ಟಿದ್ದೇವಲ್ಲ ಸರ್, ಹೋಗೋಣ" ಎಂದು ಕೂಗಿದೆವು. ಜೊತೆಗಿದ್ದ ಉಪನ್ಯಾಸಕರು ಮಾತ್ರ, "ಯಾರೂ ಹತ್ತಬೇಡಿ. ದುಡ್ಡು ಹೋದರೆ ಹೋಗಲಿ" ಎಂದುಬಿಟ್ಟರು. ವಾಪಸ್ ಬರುವಾಗ ಅಣಶಿ ಘಟ್ಟ ಹತ್ತುವವರೆಗೂ ಯಾರೂ ಅವರ ಜೊತೆ ಮಾತನಾಡಲಿಲ್ಲ. ನಾನೂ ಮಾತನಾಡಲಿಲ್ಲ.

ಈ ವರ್ಷ ಮತ್ತೆ ಅದೇ ದ್ವೀಪಕ್ಕೆ ಹೋಗುವ ಮಾತು ಬಂದಿದೆ. ಯೋಜನೆ ಬರೆಯುವ ಕೆಲಸ ನಮ್ಮ ವಾಣಿಜ್ಯ ವಿಭಾಗದ ಐವರಿಗೆ ಸಿಕ್ಕಿದೆ. ಅದನ್ನು ಹೇಗೆ ಮಾಡಿದೆವು ಎಂದು ಇಲ್ಲಿ ವಿವರಿಸುತ್ತೇನೆ. ಮುಂದೆ ಬೇರೆ ತರಗತಿಯವರು ಎಲ್ಲಿಗಾದರೂ ಹೊರಟರೆ ಉಪಯೋಗವಾದೀತು.

ಮೊದಲು ಜಾಗದ ಬಗ್ಗೆ. ಕೂರ್ಮಗಡ ಇರುವುದು ಕಾಳಿ ನದಿ ಸಮುದ್ರ ಸೇರುವ ಕಡೆ, ಕಾರವಾರದ ದಡದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ. ದೂರದಿಂದ ಆಮೆಯ ಬೆನ್ನಿನಂತೆ ಕಾಣುತ್ತದೆ. ಜೊಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟುವ ಕಾಳಿ 184 ಕಿಲೋಮೀಟರ್ ಹರಿದು ಅಲ್ಲಿಗೆ ಬರುತ್ತದೆ. ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನು ದಾಟುವ ಈ ನೀರು ನಮ್ಮ ದಾಂಡೇಲಿಯನ್ನು ಮುಟ್ಟಿಯೇ ಹೋಗುತ್ತದೆ. ದ್ವೀಪದಲ್ಲಿ ಊರಿಲ್ಲ, ಅಂಗಡಿಯಿಲ್ಲ. ಗುಡ್ಡದ ಮೇಲೆ ನರಸಿಂಹ ದೇವರ ಗುಡಿಯಿದೆ. ಪುಷ್ಯ ಹುಣ್ಣಿಮೆಯ ಜಾತ್ರೆಗೆ ಜನ ಬೋಟುಗಳಲ್ಲಿ ಹೋಗುತ್ತಾರೆ. ಉಳಿದ ದಿನ ಅಲೆಯ ಸದ್ದು ಮಾತ್ರ. ಅದೃಷ್ಟವಿದ್ದರೆ ದಾರಿಯಲ್ಲಿ ಡಾಲ್ಫಿನ್ ಕಾಣುತ್ತದೆ. ಪಕ್ಕದ ಅಂಜದೀವ್ ದ್ವೀಪ ನೌಕಾಪಡೆಯ ವಶದಲ್ಲಿದೆ, ಅಲ್ಲಿಗೆ ಹೋಗುವಂತಿಲ್ಲ. ಐಎನ್‌ಎಸ್ ಕದಂಬ ನೌಕಾನೆಲೆಯೂ ಹತ್ತಿರದಲ್ಲೇ ಇದೆ. ಆದ್ದರಿಂದ ಆ ದಿಕ್ಕಿಗೆ ಮೊಬೈಲ್ ಹಿಡಿದು ಫೋಟೋ ತೆಗೆಯಬಾರದು.

ಇನ್ನು ಮನೆಯವರ ಹೆದರಿಕೆ. ಅದಕ್ಕೆ ಕಾರಣವಿದೆ. 2019ರ ಜನವರಿ 21ರಂದು ಇದೇ ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ಬೋಟ್ ಮಗುಚಿ 16 ಜನ ತೀರಿಕೊಂಡರು. ಹೆಚ್ಚು ಜನರನ್ನು ಹತ್ತಿಸಿದ್ದು, ಲೈಫ್ ಜಾಕೆಟ್ ಹಾಕದಿದ್ದದ್ದು ಆಗ ಪತ್ರಿಕೆಗಳಲ್ಲೆಲ್ಲ ಚರ್ಚೆಯಾಯಿತು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಮುಳಬಾಗಿಲು ಕಡೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಅವರು ನಮ್ಮಂಥ ಮಕ್ಕಳೇ. ಹೀಗಾಗಿ ಹುಡುಗಿಯರ ಮನೆಗಳಲ್ಲಿ ಒಪ್ಪಿಗೆ ಸಿಗುವುದು ಕಷ್ಟ. ನಮ್ಮ ಮನೆಯಲ್ಲೂ ಅಮ್ಮಿ ಮೊದಲು ಹೇಳಿದ್ದು "ಬೇಡ" ಎಂದೇ.

ನಾವು ದಾಂಡೇಲಿಯವರು ನೀರೆಂದರೆ ಹೆದರುವವರಲ್ಲ, ರಾಫ್ಟಿಂಗ್ ನೋಡುತ್ತಲೇ ಬೆಳೆದವರು. ಆದರೆ ಹೊಳೆಯ ಅಭ್ಯಾಸ ಸಮುದ್ರಕ್ಕೆ ಸಾಲುವುದಿಲ್ಲ. ಹೊಳೆಗೆ ಎರಡು ದಡವಿದೆ, ನೀರು ಒಂದೇ ಕಡೆ ಹೋಗುತ್ತದೆ. ಸಮುದ್ರದಲ್ಲಿ ಗಾಳಿ, ಉಬ್ಬರ, ಇಳಿತ ಮೂರೂ ಸೇರಿ ದಿನದಲ್ಲಿ ಹಲವು ಬಾರಿ ಸ್ಥಿತಿ ಬದಲಾಗುತ್ತದೆ.

ಗಾಳಿಯ ವಿಷಯ ಸರಳ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಆದ್ದರಿಂದ ಬೆಳಿಗ್ಗೆ ಗಾಳಿ ನೆಲದಿಂದ ಸಮುದ್ರದ ಕಡೆ ಮೆಲ್ಲಗೆ ಬೀಸುತ್ತದೆ. ಬಿಸಿಲೇರಿದಂತೆ ನೆಲ ಕಾಯುತ್ತದೆ, ಗಾಳಿ ಸಮುದ್ರದಿಂದ ನೆಲದ ಕಡೆ ತಿರುಗುತ್ತದೆ. ಮಧ್ಯಾಹ್ನದ ನಂತರ ಅದರ ಜೋರು ಹೆಚ್ಚು. ಡಿಸೆಂಬರ್, ಜನವರಿಯಲ್ಲೂ ಹೀಗೆಯೇ. ಕಳೆದ ವರ್ಷ ನಾವು ಹನ್ನೆರಡಕ್ಕೆ ಹೋಗಿ ನಿಂತದ್ದೇ ತಪ್ಪು. ಮಳೆಗಾಲದ ಮಾತೇ ಬೇಡ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ.

ಉಬ್ಬರ ಇಳಿತ ತಿಳಿಯಲು ನಮಗೆ ಸಹಾಯ ಸಿಕ್ಕಿದ್ದು ಅಡುಗೆಮನೆಯ ಗೋಡೆಯಲ್ಲಿ. ಅಮ್ಮಿ ಅಲ್ಲಿ ಹಿಜರಿ ಕ್ಯಾಲೆಂಡರ್ ತೂಗುಹಾಕಿದ್ದಾರೆ. ಅದು ಚಂದ್ರನ ಲೆಕ್ಕ, ಸಮುದ್ರದ ಲೆಕ್ಕವೂ ಚಂದ್ರನದೇ. ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಉಬ್ಬರ ಬರುತ್ತದೆ, ದಿನಕ್ಕೆ ಎರಡು ಸಲ. ಅದರ ಸಮಯ ದಿನವೂ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಹಿಜರಿ ತಿಂಗಳ ಆರಂಭ ಮತ್ತು 14, 15 ಎಂದರೆ ಇದೇ ದಿನಗಳು. ಅರ್ಧಚಂದ್ರ ಇರುವಾಗ, ಅಂದರೆ 8 ಅಥವಾ 22ರ ಸುಮಾರಿಗೆ, ಏರಿಳಿತ ಕಡಿಮೆ. ನದಿ ಸಮುದ್ರ ಸೇರುವ ಕಡೆ ಮರಳಿನ ದಿಬ್ಬಗಳಿರುತ್ತವೆ. ದೊಡ್ಡ ಇಳಿತದಲ್ಲಿ ನದಿಯ ನೀರು ರಭಸದಿಂದ ಹೊರಗೆ ಓಡುತ್ತದೆ, ಎದುರಿನಿಂದ ಅಲೆ ಬರುತ್ತದೆ. ಎರಡೂ ಡಿಕ್ಕಿಯಾಗುವ ಜಾಗದಲ್ಲಿ ಬೋಟ್ ಕುಣಿಯುತ್ತದೆ. ಅದಕ್ಕೇ ನಾವು ಅರ್ಧಚಂದ್ರಕ್ಕೆ ಹತ್ತಿರದ ಭಾನುವಾರ ಆರಿಸಬೇಕೆಂದು ಬರೆದಿದ್ದೇವೆ. ಜಾತ್ರೆ ನಡೆಯುವುದು ಹುಣ್ಣಿಮೆಗೆ. ಅಂದು ಜನಸಂದಣಿಯೂ ಹೆಚ್ಚು, ಏರಿಳಿತವೂ ಹೆಚ್ಚು. ಕ್ಯಾಲೆಂಡರ್ ನೋಡಿದರೆ ಸಾಕು ಎಂದಲ್ಲ. ಹಿಂದಿನ ಸಂಜೆ ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯನ್ನೂ, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಅಲೆಗಳ ಮುನ್ಸೂಚನೆಯನ್ನೂ ನೋಡಲೇಬೇಕು.

ಸಮಯಪಟ್ಟಿಯನ್ನು ನಾವು ಕೊನೆಯಿಂದ ಹಿಂದಕ್ಕೆ ಬರೆದೆವು. ದಾಂಡೇಲಿಯಿಂದ ಜೊಯಿಡಾ, ಅಣಶಿ, ಕದ್ರಾ ಮಾರ್ಗವಾಗಿ ಕಾರವಾರ ನೂರು ಕಿಲೋಮೀಟರಿಗೂ ಮೇಲು. ದಾರಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹೋಗುತ್ತದೆ. ಪ್ರಾಣಿಗಳು ಅಡ್ಡ ಬರುತ್ತವೆ, ಎಷ್ಟೋ ಕಡೆ ನೆಟ್‌ವರ್ಕ್ ಇಲ್ಲ. ಚಳಿಗಾಲದಲ್ಲಿ ಸಂಜೆ ಆರೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಕತ್ತಲಾಗುವ ಮೊದಲು ಅಣಶಿ ದಾಟಬೇಕಾದರೆ ಮೂರೂವರೆಗೆ ಕಾರವಾರ ಬಿಡಬೇಕು. ಹಾಗಾದರೆ ದ್ವೀಪ ಬಿಡುವುದು ಒಂದು ಗಂಟೆಗೆ. ಝುಹರ್ ನಮಾಝ್ ಮತ್ತು ಊಟ ಕಾರವಾರಕ್ಕೆ ಬಂದ ಮೇಲೆ. ದ್ವೀಪ ತಲುಪುವುದು ಹತ್ತೂಕಾಲಿಗೆ, ಬೋಟ್ ಹತ್ತುವುದು ಒಂಬತ್ತೂವರೆಗೆ, ದಾಂಡೇಲಿ ಬಿಡುವುದು ಫಜ್ರ್ ಮುಗಿದ ಕೂಡಲೇ, ಆರರೊಳಗೆ. ಹಳಿಯಾಳದಿಂದ ದಿನಾ ಬಂದುಹೋಗುವವರು ಮತ್ತು ಮುಂಡಗೋಡ ಕಡೆಯವರು ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಅಥವಾ ಸಂಬಂಧಿಕರ ಮನೆಯಲ್ಲಿ ಉಳಿಯಬೇಕು. ಒಬ್ಬರಿಗಾಗಿ ಅರ್ಧ ಗಂಟೆ ಕಾದರೆ ಆ ಅರ್ಧ ಗಂಟೆ ಸಮುದ್ರದ ಮೇಲೆ ಕಡಿತವಾಗುತ್ತದೆ.

ಈಗ ಖರ್ಚು. ಲೆಕ್ಕಶಾಸ್ತ್ರದ ಪುಸ್ತಕದಂತೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. 44 ವಿದ್ಯಾರ್ಥಿಗಳು, 4 ಉಪನ್ಯಾಸಕರು, ಒಟ್ಟು 48. ಬಸ್ ಬಾಡಿಗೆ 18,000 ರೂಪಾಯಿ, ಪ್ರಥಮ ಚಿಕಿತ್ಸೆ ಇತ್ಯಾದಿಗೆ 1,000. ಇದು ಸ್ಥಿರ ವೆಚ್ಚ, ಎಷ್ಟೇ ಜನ ಬಂದರೂ 19,000. ಬೋಟ್ ತಲಾ 350, ತಿಂಡಿ ಊಟ ತಲಾ 120. ಇದು ಬದಲಾಗುವ ವೆಚ್ಚ, 48 ಜನರಿಗೆ 22,560. ಒಟ್ಟು 41,560. ತಲಾ 1,000 ರೂಪಾಯಿ ಶುಲ್ಕ ಇಟ್ಟರೆ 42 ಜನ ಕೊಟ್ಟರೂ ಸಾಕು. ಇಬ್ಬರು ಶುಲ್ಕವಿಲ್ಲದೆ ಬರಬಹುದು. ಅವರು ಯಾರೆಂದು ತರಗತಿ ಉಪನ್ಯಾಸಕರಿಗೆ ಮಾತ್ರ ಗೊತ್ತಿದ್ದರೆ ಸಾಕು.

ಇಲ್ಲಿಯವರೆಗೆ ಎಲ್ಲರೂ ಮಾಡುವ ಲೆಕ್ಕವೇ. ನಾವು ಇನ್ನೊಂದು ಲೆಕ್ಕವನ್ನೂ ಮಾಡಿದೆವು, ದ್ವೀಪಕ್ಕೆ ಹೋಗದಿದ್ದರೆ ಏನು ಎಂಬುದು. ವಾಣಿಜ್ಯದಲ್ಲಿ ಸಂಕ್ ಕಾಸ್ಟ್ ಎಂಬ ಮಾತಿದೆ, ಅಂದರೆ ಈಗಾಗಲೇ ಕೈಬಿಟ್ಟುಹೋದ, ಏನು ಮಾಡಿದರೂ ವಾಪಸ್ ಬಾರದ ಖರ್ಚು. ಮುಂದಿನ ನಿರ್ಧಾರ ಮಾಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬುದು ನಿಯಮ. ಆದರೆ ಮನುಷ್ಯರು ಹಿಡಿಯುತ್ತಾರೆ. ಕಳೆದ ವರ್ಷ "ದುಡ್ಡು ಕೊಟ್ಟಿದ್ದೇವಲ್ಲ ಸರ್" ಎಂದು ನಾವು ಕೂಗಿದ್ದು ಅದೇ ತಪ್ಪು. ಕೊಟ್ಟ ದುಡ್ಡು ದೊಡ್ಡದಾದಷ್ಟೂ ಬೇಡ ಎನ್ನುವ ಧೈರ್ಯ ಚಿಕ್ಕದಾಗುತ್ತದೆ. ಆದ್ದರಿಂದ ಬೋಟಿಗೆ ಮುಂಗಡ 2,000 ರೂಪಾಯಿ ಮಾತ್ರ, ಉಳಿದದ್ದು ಹತ್ತುವ ಮುಂಚೆ, ಗಾಳಿ ನೋಡಿ ಕೊಡುವುದು ಎಂದು ಬರೆದಿದ್ದೇವೆ. ಬೋಟ್ ರದ್ದಾದರೆ ಆ 2,000 ಹೋಗುತ್ತದೆ. 42 ಜನಕ್ಕೆ ಹಂಚಿದರೆ ತಲಾ ಸುಮಾರು 48 ರೂಪಾಯಿ. ಉಳಿದ ಹಣದಲ್ಲಿ ತಲಾ 360ರಷ್ಟು ವಾಪಸ್ ಸಿಗುತ್ತದೆ. ಅಂದು ಸುಮ್ಮನೆ ಕೂರುವುದೂ ಇಲ್ಲ. ಟಾಗೋರ್ ಕಡಲತೀರದ ಚಾಪೆಲ್ ಯುದ್ಧನೌಕೆ ವಸ್ತುಸಂಗ್ರಹಾಲಯ, ಸದಾಶಿವಗಡದ ಗುಡ್ಡ ನೋಡಿ ಬರಬಹುದು.

ಬೋಟಿನ ನಿಯಮಗಳು ಹೀಗಿವೆ:

ಒಂದು, ಎರಡು ಬೋಟ್. ಪರವಾನಗಿಯಲ್ಲಿ ಬರೆದಷ್ಟೇ ಜನ, ಪ್ರತಿ ಬೋಟಿನಲ್ಲಿ ಇಬ್ಬರು ಉಪನ್ಯಾಸಕರು.

ಎರಡು, ಎಲ್ಲರ ಲೈಫ್ ಜಾಕೆಟ್ ಬಕಲ್ ಹಾಕಿದ ಮೇಲೆಯೇ ಎಂಜಿನ್ ಶುರು. ಬುರ್ಖಾ, ದುಪಟ್ಟಾ ಇದ್ದವರಿಗೂ ಜಾಕೆಟ್ ಎಲ್ಲಕ್ಕಿಂತ ಮೇಲೆ ಬರಬೇಕು. ಈಜು ಬರುತ್ತದೆ ಎನ್ನುವವರಿಗೂ ವಿನಾಯಿತಿ ಇಲ್ಲ.

ಮೂರು, ಸೆಲ್ಫಿಗೆಂದು ಎಲ್ಲರೂ ಒಂದೇ ಬದಿಗೆ ಹೋಗಬಾರದು. ಡಾಲ್ಫಿನ್ ಕಂಡರೂ ಕೂತೇ ನೋಡಬೇಕು.

ನಾಲ್ಕು, ದ್ವೀಪದಲ್ಲಿ ನೀರಿಗೆ ಇಳಿಯುವಂತಿಲ್ಲ. ಪಾಚಿಯ ಬಂಡೆ ಜಾರುತ್ತದೆ, ಪಟ್ಟಿ ಇರುವ ಚಪ್ಪಲಿ ಬೇಕು.

ಐದು, ಕುಡಿಯುವ ನೀರು ತಲಾ ಮೂರು ಲೀಟರ್. ವುಝೂಗೆ ಅದನ್ನು ಖರ್ಚು ಮಾಡಬೇಡಿ, ಸಮುದ್ರದ ನೀರು ನಡೆಯುತ್ತದೆ.

ಆರು, ಗುಡಿಯ ಹತ್ತಿರ ಗದ್ದಲ ಬೇಡ. ಒಯ್ದ ಪ್ಲಾಸ್ಟಿಕ್ಕೆಲ್ಲ ನಮ್ಮ ಚೀಲದಲ್ಲೇ ವಾಪಸ್.

ಏಳು, ಬಸ್, ಬೋಟ್, ದ್ವೀಪ, ಪ್ರತಿ ಏರುವಿಕೆ ಇಳಿಯುವಿಕೆಗೂ ಹೆಸರು ಕರೆದು ಎಣಿಕೆ.

ಎಂಟು, 1093 ಕರಾವಳಿ ಕಾವಲು ಪೊಲೀಸ್, 1554 ಕೋಸ್ಟ್ ಗಾರ್ಡ್, 112 ತುರ್ತು ಸೇವೆ. ಈ ಮೂರು ಸಂಖ್ಯೆ ಎಲ್ಲರ ಮೊಬೈಲಿನಲ್ಲೂ ಇರಲಿ.

ಒಂಬತ್ತು, ಹೋಗಬೇಕೋ ಬೇಡವೋ ಎಂಬುದನ್ನು ಉಪನ್ಯಾಸಕರೊಬ್ಬರು ತೀರ್ಮಾನಿಸುತ್ತಾರೆ. ಮತ ಹಾಕುವುದಿಲ್ಲ, ಚರ್ಚೆಯೂ ಇಲ್ಲ.

ಈ ಯೋಜನೆಯನ್ನು ಮನೆಯಲ್ಲಿ ಉರ್ದುವಿನಲ್ಲಿ ಓದಿ ಹೇಳಿದೆ. ಅಮ್ಮಿ ಜಾಕೆಟಿನ ಸಾಲನ್ನು ಎರಡು ಸಲ ಓದಿಸಿದರು. ಅಬ್ಬಾ ಬಟ್ಟೆ ವ್ಯಾಪಾರದವರು, ಲೆಕ್ಕ ನೋಡದೆ ಸಹಿ ಹಾಕುವವರಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹೋಗದೆ ವಾಪಸ್ ಬಂದರೆ ಎಷ್ಟು ನಷ್ಟ, ಬೇಟಾ?" "ನಲವತ್ತೆಂಟು ರೂಪಾಯಿ" ಎಂದೆ. ಅವರು ಪೆನ್ನು ಕೇಳಿದರು.

ಒಪ್ಪಿಗೆ ಪತ್ರಗಳು ವಾಣಿಜ್ಯ ವಿಭಾಗದಲ್ಲಿ ಸಿಗುತ್ತವೆ. ಕಳೆದ ವರ್ಷ ನಮ್ಮನ್ನು ಬೋಟ್ ಹತ್ತಗೊಡದ ಉಪನ್ಯಾಸಕರೇ ಈ ಸಲವೂ ಬರಬೇಕೆಂದು ನಾವು ಐವರೂ ಅರ್ಜಿ ಬರೆದುಕೊಟ್ಟಿದ್ದೇವೆ. ಅವರು ಇನ್ನೂ ಉತ್ತರ ಕೊಟ್ಟಿಲ್ಲ. ಕಳೆದ ವರ್ಷ ಆ ಬಸ್ಸಿನಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಸ್ಟಾಫ್ ರೂಮಿಗೆ ಹೋಗಿ ನೀವೂ ಒಂದು ಮಾತು ಹೇಳಿ.